ಆರೋಗ್ಯ ಇಲಾಖೆಗೊಬ್ಬ ವಕೀಲನೇಕೆ?

ವೈದ್ಯ ಮಹಾಶಯರು ರಕ್ತದೊತ್ತಡ, ಮಧುಮೇಹಗಳ ವಿಷಯವಾಗಿ ಬರೆಯುವ ಈ ಸ್ಮರಣ ಸಂಚಿಕೆಯಲ್ಲಿ, ವಾಣಿಜ್ಯ ಪದವೀಧರನೂ ಬ್ಯಾಂಕಿನ ಅಧಿಕಾರಿಯೂ ಆದ ನಾನು ಲೇಖನಿ ಹಿಡಿಯುವುದು ಅಧಿಕಪ್ರಸಂಗವೆನಿಸಬಹುದು. ಆದರೆ ರೋಗಿಯ ಪ್ರಾಣವು ಕೆಲವೊಮ್ಮೆ ಔಷಧಿಯ ಕೊರತೆಯಿಂದಲ್ಲ, ಒಂದು ಕಾಗದದ ಕೊರತೆಯಿಂದ ಹೋಗುವುದುಂಟು. ಕಾಗದದ ವಿಷಯದಲ್ಲಿ ಮಾತನಾಡಲು ನನಗೆ ತುಸು ಅಧಿಕಾರವಿದೆಯೆಂದು ಭಾವಿಸಿದ್ದೇನೆ.

ಕೆಲವು ವರ್ಷಗಳ ಹಿಂದೆ, ಮಳೆಗಾಲದ ಒಂದು ಸಂಜೆ, ಮುಂಬಯಿಯ ನಮ್ಮ ಉಪನಗರದಲ್ಲಿ ಧಾರವಾಡದ ಕಡೆಯ ಮಿತ್ರರೊಬ್ಬರಿಗೆ ಮೋಟಾರ್ ಸೈಕಲ್ ಬಡಿಯಿತು. ಇಬ್ಬರು ಸೇರಿ ಅವರನ್ನು ಸಮೀಪದ ನರ್ಸಿಂಗ್ ಹೋಮಿಗೆ ಹೊತ್ತೊಯ್ದೆವು. ಕೌಂಟರಿನಲ್ಲಿದ್ದಾತನು ರಕ್ತವನ್ನು ನೋಡಿ, ಗಾಯವನ್ನು ನೋಡದೆ, "ಪೊಲೀಸ್ ಕೇಸು, ಇಲ್ಲಿ ಆಗುವುದಿಲ್ಲ" ಎಂದನು. ಆಟೋರಿಕ್ಷಾ ಹಿಡಿದು ನಗರಸಭೆಯ ಆಸ್ಪತ್ರೆ ಸೇರುವಷ್ಟರಲ್ಲಿ ಒಂದು ಗಂಟೆ ಕಳೆದಿತ್ತು. ಮಿತ್ರರು ಬದುಕಿದರು, ಆದರೆ ಇಂದಿಗೂ ಕುಂಟುತ್ತಾರೆ. ಊರಿನಲ್ಲಾಗಿದ್ದರೆ ಪರಿಚಯದ ಡಾಕ್ಟರರಿರುತ್ತಿದ್ದರು, ಕೂಗಾಡಲು ನಾಲ್ಕು ಜನ ಬಂಧುಗಳಿರುತ್ತಿದ್ದರು. ಪರಸ್ಥಳದವರಾದ ನಮಗೆ ಕಾನೂನೊಂದೇ ಬಂಧು. ಆ ಬಂಧುವೂ ಆ ಸಂಜೆ ಕೌಂಟರಿನಲ್ಲಿ ಇರಲಿಲ್ಲ.

ಕಾನೂನು ಇರಲಿಲ್ಲವೇ? ಇತ್ತು. ರಸ್ತೆ ಅಪಘಾತದಲ್ಲಿ ಗಾಯಗೊಂಡ ಸ್ಕೂಟರ್ ಸವಾರನೊಬ್ಬನನ್ನು ಒಂದು ಆಸ್ಪತ್ರೆಯವರು ಸೇರಿಸಿಕೊಳ್ಳದೆ, ಇಂತಹ ಪ್ರಕರಣಗಳಿಗೆ ಅಧಿಕಾರವಿರುವ, ಸುಮಾರು 20 ಕಿಲೋಮೀಟರು ದೂರದ ಬೇರೊಂದಕ್ಕೆ ಕಳುಹಿಸಿ, ದಾರಿಯಲ್ಲೇ ಆತನು ಅಸುನೀಗಿದ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿ, ಪರಮಾನಂದ ಕಟಾರಾ ಎಂಬವರು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. 1989ರ ಆಗಸ್ಟಿನಲ್ಲಿ ತೀರ್ಪು ಬಂದಿತು: ವೈದ್ಯನು ಸರಕಾರಿಯಾಗಿರಲಿ ಖಾಸಗಿಯಾಗಿರಲಿ, ಮೊದಲು ಪ್ರಾಣ ಉಳಿಸತಕ್ಕದ್ದು, ಪೊಲೀಸರ ವಿಧಿವಿಧಾನಗಳು ಆಮೇಲೆ. ಈ ತೀರ್ಪಿಗೆ ದೂರದರ್ಶನ, ಆಕಾಶವಾಣಿಗಳ ಮೂಲಕ ಪ್ರಚಾರ ಕೊಡಬೇಕೆಂದೂ ನ್ಯಾಯಾಲಯವೇ ಹೇಳಬೇಕಾಯಿತು. ಅಂದರೆ ದೇಶದ ಪರಮೋಚ್ಚ ನ್ಯಾಯಾಲಯವು ಟಪಾಲು ಗುಮಾಸ್ತನ ಕೆಲಸವನ್ನೂ ಮಾಡಿತು! ಮೋಟಾರು ವಾಹನಗಳ ಕಾಯಿದೆಯ 134ನೆಯ ಕಲಮೂ ಇದನ್ನೇ ಹೇಳುತ್ತದೆ.

ನಮ್ಮ ಬ್ಯಾಂಕಿನಲ್ಲಿ ರಿಜರ್ವ್ ಬ್ಯಾಂಕಿನ ಒಂದು ಸುತ್ತೋಲೆ ಬಂದರೆ ಅದು ಮೂಲೆಯ ಶಾಖೆಗೂ ತಲುಪುತ್ತದೆ. ಮ್ಯಾನೇಜರನು ಓದಿ ಸಹಿ ಮಾಡುತ್ತಾನೆ, ತಪಾಸಣೆಯವರು ಬಂದು ಆ ಸಹಿಯನ್ನು ಹುಡುಕುತ್ತಾರೆ. ದೊಡ್ಡ ಸಾಲ ಕೊಡುವ ಮೊದಲು ಕಾನೂನು ಅಧಿಕಾರಿಯು ಆಸ್ತಿಪತ್ರಗಳನ್ನು ಪರಿಶೀಲಿಸಿ ಅಭಿಪ್ರಾಯ ಬರೆಯುತ್ತಾನೆ. ಸಾಲ ಕೆಟ್ಟ ಮೇಲೆ ಕೋರ್ಟಿನಲ್ಲಿ ನಿಲ್ಲುವ ವಕೀಲನು ಬೇರೆ. ಮೊದಲನೆಯವನನ್ನು "ಅಡ್ಡಗಾಲು" ಎಂದು ನಾವೇ ಬೈದುಕೊಳ್ಳುತ್ತೇವೆ, ನಾನೂ ಬೈದಿದ್ದೇನೆ. ಆದರೆ ಬ್ಯಾಂಕಿನ ಹಣ ಉಳಿಯುವುದು ಅವನಿಂದಲೇ. ಆರೋಗ್ಯ ಇಲಾಖೆಗಳಿಗೆ ಪರಿಚಯವಿರುವುದು ಎರಡನೆಯ ವಕೀಲನು ಮಾತ್ರ. ಕೇಂದ್ರದ ಸಚಿವಾಲಯಗಳಿಗೆ ಸಲಹೆಯು ಹೆಚ್ಚಾಗಿ ಕಾನೂನು ಸಚಿವಾಲಯದಿಂದ ಬರುತ್ತದೆ. ಕಡತ ಅಲ್ಲಿಗೆ ಹೋಗುತ್ತದೆ, ಕೇಳಿದ ಪ್ರಶ್ನೆಗೆ ಉತ್ತರ ಹೊತ್ತು ಹಿಂದಿರುಗುತ್ತದೆ. ಕೇಳದಿದ್ದ ಪ್ರಶ್ನೆ ಅಲ್ಲಿಯೇ ಉಳಿಯುತ್ತದೆ.

ಅಮೆರಿಕದ ಪದ್ಧತಿ ಬೇರೆ. ಅಲ್ಲಿನ ಆರೋಗ್ಯ ಇಲಾಖೆಗೆ ತನ್ನದೇ ಆದ ಪ್ರಧಾನ ವಕೀಲನಿದ್ದಾನೆ. ಅಧ್ಯಕ್ಷರು ಹೆಸರಿಸಿ ಸೆನೆಟ್ ಒಪ್ಪಿದ ಮೇಲೆ ಬರುವ ಹುದ್ದೆಯದು. ಕೈಕೆಳಗೆ ನೂರಾರು ವಕೀಲರು. ಹಾಗೆಂದು ಅಲ್ಲಿ ಎಲ್ಲವೂ ಸರಿಯೆಂದಲ್ಲ. 1976ರ ಪ್ರಸಂಗವನ್ನು ನೋಡಿರಿ. ಆ ವರ್ಷದ ಫೆಬ್ರವರಿಯಲ್ಲಿ ಫೋರ್ಟ್ ಡಿಕ್ಸ್ ಎಂಬ ಸೇನಾ ಶಿಬಿರದಲ್ಲಿ ಒಬ್ಬ ಯೋಧನು ಹಂದಿಜ್ವರದಿಂದ ಸತ್ತನು. 1918ರ ಮಹಾಮಾರಿಯ ನೆನಪಿನಿಂದ ಬೆದರಿದ ಸರಕಾರವು ಮಾರ್ಚಿಯಲ್ಲೇ, ದೇಶಕ್ಕೆಲ್ಲ ಲಸಿಕೆ ಹಾಕುವುದಾಗಿ ಅಧ್ಯಕ್ಷ ಫೋರ್ಡರ ಬಾಯಿಂದ ಸಾರಿಸಿತು. ಲಸಿಕೆಯಿಂದ ಹಾನಿಯಾದರೆ ಹೊಣೆ ಯಾರದು? ಎರಡು ವರ್ಷದ ಹಿಂದಷ್ಟೇ ಪೋಲಿಯೋ ಲಸಿಕೆಯ ಮೊಕದ್ದಮೆಯೊಂದರಲ್ಲಿ, ಅಪಾಯದ ಎಚ್ಚರಿಕೆ ಕೊಡಲಿಲ್ಲವೆಂದು ತಯಾರಕರ ಮೇಲೆ 2 ಲಕ್ಷ ಡಾಲರಿನ ಪರಿಹಾರ ಬಿದ್ದಿತ್ತು. ವಿಮಾ ಕಂಪನಿಗಳು ಹಿಂದೆ ಸರಿದವು. ವಿಮೆಯಿಲ್ಲದೆ ಲಸಿಕೆ ಕೊಡೆವೆಂದು ತಯಾರಕರು ಪಟ್ಟು ಹಿಡಿದರು. ಮಿತಿಯಿಲ್ಲದ ಗ್ಯಾರಂಟಿಯನ್ನು ಕೇವಲ ಕರಾರಿನ ಮೂಲಕ ಸರಕಾರ ಕೊಡುವಂತಿರಲಿಲ್ಲ, ಶಾಸನವೇ ಬೇಕಾಯಿತು. ಆಗಸ್ಟ್ 12ರಂದು ಅದು ಬಂದು, ದಾವೆಗಳಿಗೆ ಸರಕಾರವೇ ಪ್ರತಿವಾದಿಯೆಂದಾಯಿತು. ಅಕ್ಟೋಬರಿನಿಂದ ನಾಲ್ಕು ಕೋಟಿಗೂ ಮೇಲ್ಪಟ್ಟು ಜನರಿಗೆ ಲಸಿಕೆ ಬಿದ್ದಿತು. ಮಹಾಮಾರಿ ಬರಲೇ ಇಲ್ಲ. ಬದಲಿಗೆ, ಲಸಿಕೆ ಪಡೆದ ಲಕ್ಷಕ್ಕೆ ಸುಮಾರು ಒಬ್ಬರಂತೆ ಗಿಲ್ಲನ್ ಬಾರೇ ಎಂಬ ನರದೌರ್ಬಲ್ಯ ಹೆಚ್ಚಾಗಿ ಕಂಡುಬಂದು, ಡಿಸೆಂಬರಿನಲ್ಲಿ ಕೆಲಸ ನಿಂತಿತು. ಸುಮಾರು ನಾಲ್ಕು ಸಾವಿರ ಪರಿಹಾರದ ಅರ್ಜಿಗಳು ಸರಕಾರದ ಮೇಲೆ ಬಿದ್ದವು.

ಅಷ್ಟು ದೊಡ್ಡ ವಕೀಲರ ಪಡೆಯಿದ್ದರೂ ಹೊಣೆಯ ಪ್ರಶ್ನೆ ಸಾರ್ವಜನಿಕ ಘೋಷಣೆಯ ನಂತರ ಎದ್ದು ನಿಂತಿತು. ಸಾಲ ಮಂಜೂರು ಮಾಡಿದ ಮೇಲೆ ಆಸ್ತಿಪತ್ರ ಕೇಳಿದಂತಾಯಿತು. ಆದರೂ ಒಂದು ಮಾತನ್ನು ಒಪ್ಪಬೇಕು. ಹಾನಿಗೊಳಗಾದ ಮನುಷ್ಯನು ಯಾರ ಬಾಗಿಲು ತಟ್ಟಬೇಕೆಂಬುದು ಸೂಜಿ ಚುಚ್ಚುವ ಮೊದಲೇ ಬರಹದಲ್ಲಿ ನಿರ್ಧಾರವಾಗಿತ್ತು.

ನಮ್ಮಲ್ಲಿಯೋ? ಕಟಾರಾ ತೀರ್ಪಿನ ಮೂರು ವರ್ಷದ ತರುವಾಯ, 1992ರ ಜುಲೈನಲ್ಲಿ, ಹಕೀಂ ಶೇಖ್ ಎಂಬ ಕೃಷಿಕೂಲಿಯು ಬಂಗಾಳದ ಮಥುರಾಪುರದಲ್ಲಿ ರೈಲಿನಿಂದ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡನು. ಸರಕಾರಿ ಆಸ್ಪತ್ರೆಯಿಂದ ಸರಕಾರಿ ಆಸ್ಪತ್ರೆಗೆ ಅಲೆದಾಟ. ಒಂದು ಕಡೆ ಹಾಸಿಗೆಯಿಲ್ಲ, ಇನ್ನೊಂದು ಕಡೆ ಸಲಕರಣೆಯಿಲ್ಲ. ಕಡೆಗೆ ಖಾಸಗಿ ಆಸ್ಪತ್ರೆಯಲ್ಲಿ ಸುಮಾರು 17 ಸಾವಿರ ರೂಪಾಯಿ ತೆತ್ತು ಬದುಕಿದನು. ಸುಪ್ರೀಂ ಕೋರ್ಟು 1996ರಲ್ಲಿ ಆತನಿಗೆ 25 ಸಾವಿರ ರೂಪಾಯಿ ಪರಿಹಾರ ಕೊಡಿಸಿ, ಹಣವಿಲ್ಲವೆಂಬ ನೆಪದಿಂದ ಸರಕಾರವು ಜೀವದ ಹಕ್ಕನ್ನು ತಳ್ಳಿಹಾಕುವಂತಿಲ್ಲವೆಂದಿತು. ದೊಡ್ಡ ಮಾತು. ಆದರೆ ಲೋಕಲ್ ಗಾಡಿಗಳಲ್ಲಿ ಜೋತು ಬೀಳುತ್ತ ಕೆಲಸಕ್ಕೆ ಹೋಗುವ ನಾವು, ನಾಲ್ಕು ವರ್ಷದ ಬಳಿಕ ಬರುವ ತೀರ್ಪಿಗಾಗಿ ಕಾದು ಕುಳಿತುಕೊಳ್ಳಲಾದೀತೆ?

ಪ್ರತಿ ರಾಜ್ಯದ ಆರೋಗ್ಯ ಇಲಾಖೆಯಲ್ಲಿ ಕಾರ್ಯದರ್ಶಿಯ ಪಕ್ಕದ ಕೋಣೆಯಲ್ಲೇ ಕುಳಿತುಕೊಳ್ಳುವ ಒಬ್ಬ ಮುಖ್ಯ ಕಾನೂನು ಅಧಿಕಾರಿ ಇರಬೇಕೆಂಬುದು ನನ್ನ ವಾದ. ತೀರ್ಪು ಬಂದ ಹದಿನೈದು ದಿನಗಳಲ್ಲಿ ಅದನ್ನು ಆಯಾ ಭಾಷೆಯಲ್ಲಿ ಒಂದು ಪುಟಕ್ಕೆ ಇಳಿಸಿ, ಪ್ರತಿ ಆಸ್ಪತ್ರೆಯ ತುರ್ತು ವಿಭಾಗದ ಬಾಗಿಲಿಗೆ ಮುಟ್ಟಿಸಿ, ಸಹಿ ಪಡೆಯುವುದು ಅವನ ಮೊದಲ ಕೆಲಸವಾಗಲಿ. ಹಳೆಯ ಕಾಯಿದೆಗಳನ್ನು ಧೂಳು ಕೊಡವಿ ನೋಡುವುದು ಎರಡನೆಯದು. ಮುಂಬಯಿಯ ಪ್ಲೇಗಿಗಾಗಿ 1897ರಲ್ಲಿ ಅವಸರದಿಂದ ಮಾಡಿದ ಸಾಂಕ್ರಾಮಿಕ ರೋಗಗಳ ಕಾಯಿದೆಯನ್ನೇ 2020ರ ಕೊರೊನಾಕ್ಕೂ ಹೊರತೆಗೆಯಬೇಕಾಯಿತು. ವೈದ್ಯರ ಮೇಲಿನ ಹಲ್ಲೆಗೆ ಶಿಕ್ಷೆಯನ್ನು ಅದರಲ್ಲಿ ಸೇರಿಸಿದ್ದು ರೋಗ ಹಬ್ಬಿದ ಮೇಲೆ.

ವಕೀಲರು ಹೆಚ್ಚಾದರೆ ಡಾಕ್ಟರರಿಗೆ ಭಯ ಹೆಚ್ಚಾಗುವುದೆಂದು ನಮ್ಮ ಸಂಘದ ಹಿರಿಯ ವೈದ್ಯರೊಬ್ಬರು ನನ್ನೊಡನೆ ವಾದಿಸಿದರು. ಅವರ ಮಾತಿನಲ್ಲಿ ತಥ್ಯವಿದೆ. ಇಲಾಖೆಯನ್ನು ಕಾಪಾಡುವುದೊಂದೇ ತನ್ನ ಕರ್ತವ್ಯವೆಂದು ತಿಳಿದ ವಕೀಲನು ಪ್ರತಿಯೊಂದಕ್ಕೂ "ಬೇಡ" ಎಂದು ಬರೆಯುತ್ತಾನೆ. ಅಂಥವನಿಗಿಂತ ಖಾಲಿ ಕುರ್ಚಿಯೇ ಮೇಲು. ಆದರೆ ಆ ಸಂಜೆ ಕೌಂಟರಿನಲ್ಲಿದ್ದಾತನಿಗೆ ಭಯವಿದ್ದುದು ಕಾನೂನು ತಿಳಿಯದೆ ಇದ್ದುದರಿಂದ. ಪೊಲೀಸರು ತನ್ನನ್ನು ಹಿಡಿದಾರೆಂದು ಅವನು ಹೆದರಿದನು. ಗಾಯಾಳುವನ್ನು ತಂದ ನಾವೂ ಹೆದರಿದ್ದೆವು. ಹಾಗೆ ತರುವವರಿಗೆ ರಕ್ಷಣೆ ಕೊಡುವ 134-ಎ ಕಲಮು 2019ರ ತಿದ್ದುಪಡಿಯಲ್ಲಿ ಬಂದಿದೆ. ನಮ್ಮ ಕಟ್ಟಡದಲ್ಲಿ ಹತ್ತು ಮನೆಯವರನ್ನು ಕೇಳಿದೆನು, ಒಬ್ಬರಿಗೂ ಗೊತ್ತಿರಲಿಲ್ಲ.

ಇಲಾಖೆಯ ವಕೀಲನು ಬರುವವರೆಗೆ ಕಾಯದೆ, ಈ ಎರಡು ಕಲಮುಗಳನ್ನು ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಬರೆಯಿಸಿ, ಸಂಘದ ಕಚೇರಿಯ ಸೂಚನಾ ಫಲಕಕ್ಕೆ ಹಚ್ಚಲು ಕಾರ್ಯದರ್ಶಿಗಳ ಕೈಗೆ ಕೊಟ್ಟಿದ್ದೇನೆ. ಪ್ರತಿಗಳು ಬೇಕಾದವರು ಭಾನುವಾರ ಬೆಳಿಗ್ಗೆ ಬಂದು ಕೊಂಡೊಯ್ಯಬಹುದು.