ವಿ.ಆರ್. ಹೆಡ್‌ಸೆಟ್‌ನ ವ್ಯಾಯಾಮ: ಬಳಸಿ, ಆದರೆ ಅಂಗಳದ ಬಾಗಿಲು ಮುಚ್ಚಬೇಡಿ

ಕಳೆದ ತಿಂಗಳು ಪಾಣೆಮಂಗಳೂರು ಕಡೆಯ ಒಬ್ಬ ತಾಯಿ ನನ್ನ ದವಾಖಾನೆಗೆ ಬಂದಿದ್ದರು. ವಯಸ್ಸು ನಲವತ್ತೆರಡು. ಐದು ವರ್ಷಗಳಿಂದ ಸಕ್ಕರೆ ಕಾಯಿಲೆ ಇದೆ. ಆದರೆ ಅಂದು ಬಂದದ್ದು ಅದಕ್ಕಾಗಿ ಅಲ್ಲ. ಹಣೆಯಿಂದ ಕೆನ್ನೆಯವರೆಗೆ, ಎರಡೂ ಕಣ್ಣುಗಳ ಸುತ್ತ, ದೊಡ್ಡ ಕನ್ನಡಕದ ಚೌಕಟ್ಟಿನ ಆಕಾರದಲ್ಲಿ ಕೆಂಪು ಗುಳ್ಳೆಗಳೆದ್ದಿದ್ದವು. ವಿಪರೀತ ತುರಿಕೆ. ಜೊತೆಗೆ ಕುತ್ತಿಗೆ ನೋವು. "ಮುಖಕ್ಕೆ ಏನು ಹಚ್ಚಿದಿರಿ?" ಎಂದು ಕೇಳಿದೆ. ಅವರು ನಾಚಿಕೊಂಡು ಸುಮ್ಮನಾದರು. ಜೊತೆಗಿದ್ದ ಮಗಳು ಹೇಳಿದಳು: "ಅಣ್ಣ ದುಬೈಯಿಂದ ತಂದ ವಿ.ಆರ್. ಹಾಕಿಕೊಂಡು ಉಮ್ಮ ದಿನಾ ಬಾಕ್ಸಿಂಗ್ ಮಾಡ್ತಾರೆ ಡಾಕ್ಟ್ರೇ."

ನಾನು ನಗಲಿಲ್ಲ. ಐದು ವರ್ಷಗಳಿಂದ ಪ್ರತಿ ಸಲವೂ "ದಿನಾ ಅರ್ಧ ಗಂಟೆ ನಡೆಯಿರಿ" ಎಂದು ಅವರಿಗೆ ಹೇಳಿ ಕಳುಹಿಸಿದವನು ನಾನೇ. ಎಲ್ಲಿ ನಡೆಯಬೇಕು ಎಂದು ಮಾತ್ರ ಒಮ್ಮೆಯೂ ಹೇಳಿರಲಿಲ್ಲ. ಆ ಜಾಗವನ್ನು ಅವರು ಒಂದು ಪೆಟ್ಟಿಗೆಯೊಳಗೆ ಕಂಡುಕೊಂಡಿದ್ದರು. "ಇದನ್ನು ಬಿಟ್ಟುಬಿಡಬೇಕಾ?" ಎಂದು ಕೇಳಿದರು. ಬಿಡಬೇಡಿ ಎಂದೆ. ಯಾಕೆ ಹಾಗೆಂದೆ, ಯಾವ ಷರತ್ತಿನ ಮೇಲೆ ಹಾಗೆಂದೆ ಎಂಬುದೇ ಈ ಲೇಖನ.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಮನೆಗಳಿಗೆ ಗಲ್ಫ್‌ನಿಂದ ಬರುವ ಪೆಟ್ಟಿಗೆಗಳಲ್ಲಿ ಈಗ ಅತ್ತರು, ಖರ್ಜೂರ, ಕಂಬಳಿಗಳ ಜೊತೆ ಈ ಸಾಧನವೂ ಬರತೊಡಗಿದೆ. ನೋಡದವರಿಗಾಗಿ ಹೇಳುತ್ತೇನೆ. ಇದು ಕಣ್ಣುಗಳನ್ನು ಪೂರ್ತಿ ಮುಚ್ಚುವ ದಪ್ಪ ಕನ್ನಡಕ. ಒಳಗೆ ಪುಟ್ಟ ಪರದೆ, ಅದರ ಮುಂದೆ ಮಸೂರಗಳು. ತಲೆ ತಿರುಗಿಸಿದರೆ ಒಳಗಿನ ದೃಶ್ಯವೂ ತಿರುಗುತ್ತದೆ. ಎರಡು ಕೈಗಳಲ್ಲಿ ಹಿಡಿಯುವ ಹಿಡಿಕೆಗಳಿಂದ ನಿಮ್ಮ ಕೈ ಎಲ್ಲಿದೆ ಎಂಬುದು ಅದಕ್ಕೆ ತಿಳಿಯುತ್ತದೆ. ಎದುರಿಗೆ ಹಾರಿ ಬರುವ ಚೌಕಗಳನ್ನು ಕೈ ಬೀಸಿ ಕತ್ತರಿಸುವ 'ಬೀಟ್ ಸೇಬರ್'ನಂಥ ಆಟಗಳು, ತರಬೇತುದಾರರು ಮುಂದೆ ನಿಂತು ಮಾಡಿಸುವ 'ಸೂಪರ್‌ನ್ಯಾಚುರಲ್'ನಂಥ ವ್ಯಾಯಾಮದ ಕಾರ್ಯಕ್ರಮಗಳು ವಿದೇಶಗಳಲ್ಲಿ ಜನಪ್ರಿಯವಾದವು. ಜಿಮ್‌ಗಳು ಮುಚ್ಚಿದ್ದ 2020ರ ಕೊರೋನಾ ಕಾಲದಲ್ಲಿ ಇವಕ್ಕೆ ಇನ್ನಷ್ಟು ಬೇಡಿಕೆ ಬಂತು. ಒಂದು ಎಚ್ಚರಿಕೆ: ಮೊಬೈಲನ್ನು ಒಳಗಿಟ್ಟು ನೋಡುವ ಅಗ್ಗದ ಪೆಟ್ಟಿಗೆಗಳು ಬೇರೆ. 2023ರಲ್ಲಿ ಐಪಿಎಲ್ ನೋಡಲೆಂದು 1,299 ರೂಪಾಯಿಗೆ ಬಂದ 'ಜಿಯೋಡೈವ್' ಅಂಥದ್ದು. ಅದು ಕೂತು ನೋಡಲು ಸರಿ, ವ್ಯಾಯಾಮಕ್ಕಲ್ಲ.

ಇದನ್ನು ವ್ಯಾಯಾಮ ಎನ್ನಬಹುದೇ? ನಮ್ಮ ಯುನಾನಿ ಪದ್ಧತಿಯಲ್ಲಿ ಆರೋಗ್ಯಕ್ಕೆ ಅನಿವಾರ್ಯವೆಂದು ಆರು ವಿಷಯಗಳನ್ನು ಎಣಿಸಿದ್ದಾರೆ: ಗಾಳಿ, ಅನ್ನಪಾನ, ದೇಹದ ಚಲನೆ ಮತ್ತು ವಿಶ್ರಾಂತಿ, ಮನಸ್ಸಿನ ಚಲನೆ ಮತ್ತು ವಿಶ್ರಾಂತಿ, ನಿದ್ದೆ ಮತ್ತು ಎಚ್ಚರ, ವಿಸರ್ಜನೆ ಮತ್ತು ಧಾರಣೆ. ಸಾವಿರ ವರ್ಷಗಳ ಹಿಂದೆ ಇಬ್ನು ಸೀನಾ ತಮ್ಮ 'ಅಲ್ ಕಾನೂನ್'ನಲ್ಲಿ ವ್ಯಾಯಾಮಕ್ಕೆ ಕೊಟ್ಟ ಲಕ್ಷಣ ಬಹಳ ಸರಳ: ಮನಸ್ಸಿಟ್ಟು ಮಾಡುವ ಚಲನೆಯಾಗಿರಬೇಕು, ಅದರಿಂದ ಉಸಿರು ಆಳವಾಗಿ, ಒಂದರ ಹಿಂದೊಂದು ಬರಬೇಕು. ಕುಸ್ತಿ, ಓಟ, ಚೆಂಡಾಟಗಳ ಜೊತೆ ಉಯ್ಯಾಲೆಯನ್ನೂ ಅವರು ವ್ಯಾಯಾಮದ ಪಟ್ಟಿಯಲ್ಲಿ ಸೇರಿಸಿದ್ದರು. ಸಾಧನ ಯಾವುದು ಎಂಬುದು ಅವರಿಗೆ ಮುಖ್ಯವಾಗಿರಲಿಲ್ಲ. ಅದೇ ಅಳತೆಗೋಲಿನಿಂದ ನೋಡಿದರೆ, ನಿಂತು ಕೈ ಬೀಸಿ, ಬಗ್ಗಿ ಎದ್ದು, ಮಾತಾಡಲು ಆದರೂ ಹಾಡಲು ಆಗದಷ್ಟು ಉಸಿರು ಬಂದರೆ ಅದು ವ್ಯಾಯಾಮವೇ. ಸೋಫಾದಲ್ಲಿ ಕೂತು ಕಾರ್ ರೇಸ್ ಆಡಿದರೆ ಅಲ್ಲ.

ಇದು ನಮ್ಮ ಹೆಂಗಸರಿಗೆ ಯಾಕೆ ಮುಖ್ಯ? 2024ರಲ್ಲಿ 'ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್'ನಲ್ಲಿ ಬಂದ ಅಧ್ಯಯನದ ಪ್ರಕಾರ, 2022ರಲ್ಲಿ ಭಾರತದ ವಯಸ್ಕರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಬೇಕಾದಷ್ಟು ದೈಹಿಕ ಚಟುವಟಿಕೆ ಇರಲಿಲ್ಲ. ಗಂಡಸರಲ್ಲಿ ಇದು ಶೇ. 42, ಹೆಂಗಸರಲ್ಲಿ ಶೇ. 57. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವುದು ವಾರಕ್ಕೆ ಕನಿಷ್ಠ 150 ನಿಮಿಷಗಳ ಮಧ್ಯಮ ಶ್ರಮದ ವ್ಯಾಯಾಮ. ನಮ್ಮ ತಾಲೂಕುಗಳಲ್ಲಿ ಬೀಡಿ ಕಟ್ಟುವ ಹೆಣ್ಣುಮಕ್ಕಳನ್ನು ನೆನೆದುಕೊಳ್ಳಿ. ಸಾವಿರ ಬೀಡಿಗೆ ಇಷ್ಟು ಎಂಬ ಮಜೂರಿ. ಸಾವಿರ ಮುಗಿಸಲು ಕಾಲು ಚಾಚಿ, ಮಡಿಲಲ್ಲಿ ಮೊರ ಇಟ್ಟು, ಕತ್ತು ಬಗ್ಗಿಸಿ ಗಂಟೆಗಟ್ಟಲೆ ಕೂರಬೇಕು. ದುಡಿಮೆಯಿಂದ ದಣಿವು ಇದೆ, ಆದರೆ ಉಸಿರು ಆಳವಾಗುವ ಚಲನೆ ಇಲ್ಲ. "ನಾನು ಬೆಳಗ್ಗಿನಿಂದ ಕೆಲಸ ಮಾಡ್ತಾ ಇದ್ದೇನೆ, ಮತ್ತೆ ಎಂಥ ವ್ಯಾಯಾಮ?" ಎಂಬ ಪ್ರಶ್ನೆ ನನಗೆ ಹೊಸತಲ್ಲ. ದಣಿವು ಬೇರೆ, ವ್ಯಾಯಾಮ ಬೇರೆ.

ಹೊರಗೆ ನಡೆಯೋಣ ಎಂದರೆ ಬಿ.ಸಿ. ರೋಡಿನ ಹೆದ್ದಾರಿ ಬದಿಯಲ್ಲಿ ಲಾರಿಗಳ ಸಾಲು. ಮೂಡುಬಿದಿರೆಯ ಸ್ವರಾಜ್ ಮೈದಾನಕ್ಕೆ ಗಂಡಸರು ಹೋದಷ್ಟು ಸಲೀಸಾಗಿ ನಮ್ಮ ಉಮ್ಮಂದಿರು ಹೋಗುವುದಿಲ್ಲ. ಬೆಳ್ತಂಗಡಿಯ ಒಳಹಳ್ಳಿಗಳಲ್ಲಿ ರಸ್ತೆಯಲ್ಲಿ ಸುಮ್ಮನೆ ನಡೆದರೆ "ಎಲ್ಲಿಗೆ?" ಎಂದು ನಾಲ್ಕು ಜನ ಕೇಳುತ್ತಾರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಬೇರೆ. ಹೀಗಿರುವಾಗ ನಾಲ್ಕು ಗೋಡೆಯೊಳಗೆ, ಯಾರೂ ನೋಡದಂತೆ, ಮೈಮುರಿದು ಬೆವರಬಹುದಾದ ಸಾಧನ ಸಿಕ್ಕಿದರೆ ಅದನ್ನು ಆಟಿಕೆ ಎಂದು ತಳ್ಳಿಹಾಕುವುದು ನ್ಯಾಯವಲ್ಲ.

ಇನ್ನು ಷರತ್ತುಗಳು.

ಮೊದಲನೆಯದು ಸ್ವಚ್ಛತೆ. ಮುಖಕ್ಕೆ ಒತ್ತಿ ಕೂರುವ ಸ್ಪಂಜು ಬೆವರು ಕುಡಿಯುತ್ತದೆ. 2021ರ ಜುಲೈಯಲ್ಲಿ ಅಮೆರಿಕದಲ್ಲಿ 'ಕ್ವೆಸ್ಟ್ 2' ಹೆಡ್‌ಸೆಟ್‌ಗಳ ಸುಮಾರು 40 ಲಕ್ಷ ಸ್ಪಂಜುಗಳನ್ನು ಚರ್ಮದ ಕೆರಳಿಕೆಯ ದೂರುಗಳಿಂದಾಗಿ ಹಿಂಪಡೆದು, ಮೇಲೆ ಹಾಕಲು ಸಿಲಿಕಾನ್ ಹೊದಿಕೆ ಕೊಡಬೇಕಾಯಿತು. ನಮ್ಮ ಕರಾವಳಿಯ ಆರ್ದ್ರ ಹವೆಯಲ್ಲಿ, ತಲೆಗೆ ಎಣ್ಣೆ, ಕಣ್ಣಿಗೆ ಸುರುಮ ಹಚ್ಚುವ ಮನೆಗಳಲ್ಲಿ ಇನ್ನೂ ಹೆಚ್ಚು ಜಾಗ್ರತೆ ಬೇಕು. ಹಾಕುವ ಮೊದಲು ಮುಖ ತೊಳೆದು ಒರೆಸಿ. ತೊಳೆಯಬಹುದಾದ ಸಿಲಿಕಾನ್ ಹೊದಿಕೆ ಹಾಕಿ, ಪ್ರತಿಯೊಬ್ಬರಿಗೂ ಬೇರೆ ಬೇರೆ ಇಡಿ. 2023ರ ಮಳೆಗಾಲದಲ್ಲಿ ರಾಜ್ಯದಲ್ಲೆಲ್ಲ ಕೆಂಗಣ್ಣು ಹರಡಿದ್ದು ನೆನಪಿರಬಹುದು. ಕೆಂಗಣ್ಣು, ಹುಳುಕಡ್ಡಿ ಇರುವವರು ವಾಸಿಯಾಗುವವರೆಗೆ ಇದನ್ನು ಮುಟ್ಟಬಾರದು. ಮಸೂರವನ್ನು ಒಣ ಮೆತ್ತನೆಯ ಬಟ್ಟೆಯಿಂದ ಮಾತ್ರ ಒರೆಸಿ, ಸ್ಯಾನಿಟೈಸರ್ ಹಾಕಬೇಡಿ. ಮತ್ತೊಂದು ಮಾತು: ಒದ್ದೆಯಾದದ್ದೆಲ್ಲವನ್ನೂ ಅಂಗಳದ ಬಿಸಿಲಿಗಿಡುವುದು ನಮ್ಮ ಅಭ್ಯಾಸ. ಹೆಡ್‌ಸೆಟ್ಟನ್ನು ಬಿಸಿಲಿಗಿಟ್ಟರೆ ಮಸೂರ ಸೂರ್ಯನ ಕಿರಣಗಳನ್ನು ಒಂದೆಡೆ ಕೂಡಿಸಿ ಒಳಗಿನ ಪರದೆಯನ್ನು ಸುಟ್ಟುಬಿಡುತ್ತದೆ. ಹೊದಿಕೆಯನ್ನು ಮಾತ್ರ ತೆಗೆದು ಒಣಗಿಸಿ.

ಎರಡನೆಯದು ಕುತ್ತಿಗೆ ಮತ್ತು ಕಾಲು. ಈ ಸಾಧನದ ತೂಕ ಸುಮಾರು ಅರ್ಧ ಕಿಲೋ, ಅದೂ ಬಹುಪಾಲು ಮುಖದ ಮುಂದೆ. ದಿನವಿಡೀ ಕತ್ತು ಬಗ್ಗಿಸಿ ಬೀಡಿ ಕಟ್ಟಿದವರು ಅಥವಾ ಹೊಲಿಗೆ ಮಿಷನ್ ತುಳಿದವರು ಎದ್ದ ಕೂಡಲೇ ಅದನ್ನು ಏರಿಸಿಕೊಂಡರೆ ಕುತ್ತಿಗೆ ಹಿಡಿಯದೆ ಇರುತ್ತದೆಯೇ? ಮೊದಲು ಐದು ನಿಮಿಷ ಭುಜ, ಕತ್ತು ಸಡಿಲಿಸಿ. ಮೊದಲ ವಾರ ಹತ್ತು ನಿಮಿಷ ಸಾಕು. ಹಾಕಿಕೊಂಡಾಗ ನಿಮ್ಮ ಕಾಲ ಬಳಿ ಏನಿದೆ ಎಂದು ಕಾಣುವುದಿಲ್ಲ. ಟೀಪಾಯಿ, ಆಟಿಕೆ, ತೆವಳುವ ಮಗು ಇಲ್ಲದ ಒಣ ನೆಲ ಬೇಕು. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿಯುವವರು ಬರಿಗಾಲಲ್ಲಿ ಮಾಡಲೇಬಾರದು. ಪಾದಕ್ಕೆ ಗಾಯವಾದದ್ದು ಅವರಿಗೆ ಗೊತ್ತಾಗುವುದು ಎರಡು ದಿನ ಕಳೆದ ಮೇಲೆ. ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಖಾಲಿ ಹೊಟ್ಟೆಯಲ್ಲಿ ಮಾಡಬೇಡಿ. ನಡುಕ, ತಣ್ಣನೆ ಬೆವರು ಬಂದರೆ ನಿಲ್ಲಿಸಿ, ಕೂಡಲೇ ಸಕ್ಕರೆ ನೀರು ಕುಡಿಯಿರಿ.

ಮೂರನೆಯದು, ಯಾರು ಮಾಡಬಾರದು ಎಂಬುದು. ಫಿಟ್ಸ್ ಬರುವವರು, ತಲೆ ಸುತ್ತುವ ಕಾಯಿಲೆ ಇರುವವರು, ಗರ್ಭಿಣಿಯರು, ಬಿದ್ದರೆ ಮೂಳೆ ಮುರಿಯುವ ವಯಸ್ಸಿನವರು ಇದರಿಂದ ದೂರವಿರಲಿ. ಒಳಗಿನ ಆಯಸ್ಕಾಂತ ಮತ್ತು ಅಲೆಗಳಿಂದಾಗಿ ಪೇಸ್‌ಮೇಕರ್ ಇರುವವರು ತಮ್ಮ ಹೃದಯ ವೈದ್ಯರನ್ನು ಕೇಳದೆ ಮುಟ್ಟಬಾರದು. ಯಾರಿಗೇ ಆಗಲಿ, ಹಾಕಿಕೊಂಡಾಗ ವಾಕರಿಕೆ ಬಂದರೆ ಹಟ ಹಿಡಿದು ಮುಂದುವರಿಸಬಾರದು. ಕಣ್ಣು ಚಲನೆಯನ್ನು ಕಾಣುತ್ತದೆ, ಆದರೆ ದೇಹ ಅಷ್ಟು ಚಲಿಸಿರುವುದಿಲ್ಲ. ಈ ವ್ಯತ್ಯಾಸದಿಂದಲೇ ಘಾಟಿಯ ಬಸ್ಸಿನಲ್ಲಿ ಆಗುವಂಥ ತಲೆಸುತ್ತು ಆಗುತ್ತದೆ.

ನಾಲ್ಕನೆಯದು ಮಕ್ಕಳು. ತಯಾರಿಸಿದ ಮೆಟಾ ಕಂಪೆನಿಯೇ ಇದನ್ನು 13 ವರ್ಷ ದಾಟಿದವರಿಗೆ ಎಂದಿತ್ತು. 2023ರಲ್ಲಿ ಹೆತ್ತವರ ನಿಗಾದಲ್ಲಿ 10 ವರ್ಷಕ್ಕೆ ಇಳಿಸಿತು. ಹತ್ತರೊಳಗಿನ ಮಕ್ಕಳಿಗೆ ಕೊಡಲೇಬೇಡಿ. ಬೆಳೆಯುವ ಕಣ್ಣಿಗೆ ಬೇಕಾದದ್ದು ಹೊರಗಿನ ಬೆಳಕು, ದೂರದ ನೋಟ. ದೊಡ್ಡ ಮಕ್ಕಳು ಹಾಕಿಕೊಂಡಾಗಲೂ ಗಮನಿಸಿ: ಅದರಲ್ಲಿ ಇಂಟರ್ನೆಟ್ ಮೂಲಕ ಅಪರಿಚಿತರು ಮಾತಿಗಿಳಿಯುವ ಕೋಣೆಗಳೂ ಇವೆ, ಹೊರಗಿನದನ್ನು ಕಾಣುವ ಕ್ಯಾಮೆರಾಗಳೂ ಇವೆ. ಮನೆಯ ಹೆಂಗಸರು ಮನೆಯುಡುಪಿನಲ್ಲಿ ಓಡಾಡುವ ಕೋಣೆಯಲ್ಲಿ ಅದನ್ನು ಬಳಸುವವರು ಯಾರು, ಏನನ್ನು ರೆಕಾರ್ಡ್ ಮಾಡುತ್ತಿದ್ದಾರೆ ಎಂಬುದು ಹಿರಿಯರಿಗೆ ಗೊತ್ತಿರಬೇಕು. ಸಂಗೀತ ಬೇಡವೆನ್ನುವವರು ಧ್ವನಿ ತಗ್ಗಿಸಿಯೇ ವ್ಯಾಯಾಮ ಮಾಡಬಹುದು.

ಈಗ ನನ್ನ ನಿಜವಾದ ಅಭಿಪ್ರಾಯಕ್ಕೆ ಬರುತ್ತೇನೆ. ಇತ್ತೀಚೆಗೆ ಒಬ್ಬ ಗಂಡ ನನ್ನೊಡನೆ ಹೆಮ್ಮೆಯಿಂದ ಹೇಳಿದರು: "ಇನ್ನು ಇವಳು ವಾಕಿಂಗ್ ಅಂತ ಹೊರಗೆ ಹೋಗುವ ಅಗತ್ಯವೇ ಇಲ್ಲ ಡಾಕ್ಟ್ರೇ, ಮನೆಯಲ್ಲೇ ವ್ಯವಸ್ಥೆ ಮಾಡಿಕೊಟ್ಟೆ." ನನಗೆ ಭಯವಾದದ್ದು ಈ ಮಾತಿನಿಂದ. ಹೆಡ್‌ಸೆಟ್ ನಮ್ಮ ಹೆಂಗಸರಿಗೆ ಸಿಕ್ಕ ಒಂದು ಕಿಟಕಿ. ಅದೇ ಬಾಗಿಲು ಮುಚ್ಚಲು ನೆಪವಾದರೆ ಲಾಭಕ್ಕಿಂತ ನಷ್ಟವೇ ಹೆಚ್ಚು. ಅದರೊಳಗೆ ಬಿಸಿಲಿಲ್ಲ, ಗಾಳಿಯಿಲ್ಲ, ಜೊತೆಗೆ ನಡೆಯುವ ಗೆಳತಿಯಿಲ್ಲ. ಯುನಾನಿಯ ಆರರ ಪಟ್ಟಿಯಲ್ಲಿ ಮೊದಲು ಬರುವುದೇ ಗಾಳಿ.

ಪ್ರವಾದಿ(ಸ)ರವರು ಪ್ರಯಾಣವೊಂದರಲ್ಲಿ ಪತ್ನಿ ಆಯಿಶಾ(ರ)ರೊಂದಿಗೆ ಓಟದ ಪಂದ್ಯ ನಡೆಸಿದ್ದು, ಆಯಿಶಾ(ರ) ಗೆದ್ದದ್ದು, ಮುಂದೆ ಅವರ ಮೈ ತುಂಬಿಕೊಂಡ ಕಾಲದಲ್ಲಿ ಮತ್ತೆ ಓಡಿದಾಗ ಪ್ರವಾದಿ(ಸ) ಗೆದ್ದದ್ದು ನಿಮಗೆಲ್ಲ ಗೊತ್ತು. ಉಪನ್ಯಾಸಗಳಲ್ಲಿ ಇದನ್ನು ದಾಂಪತ್ಯದ ಪ್ರೀತಿಗೆ ಉದಾಹರಣೆಯಾಗಿ ಹೇಳುತ್ತೇವೆ. ವೈದ್ಯನಾಗಿ ನನಗೆ ಅದರಲ್ಲಿ ಇನ್ನೊಂದು ವಿಷಯ ಕಾಣುತ್ತದೆ: ಓಡಲು ಅವರಿಗೆ ಬಯಲು ಇತ್ತು, ಓಡು ಎನ್ನುವ ಗಂಡನಿದ್ದರು.

ಜಮಾಅತ್‌ಗಳ ಹಿರಿಯರಲ್ಲಿ ನನ್ನ ವಿನಂತಿ ಇಷ್ಟೇ. ನಮ್ಮ ಮೊಹಲ್ಲಾಗಳಲ್ಲಿ ಮದ್ರಸದ ಕಟ್ಟಡಗಳಿವೆ, ಮದುವೆ ಹಾಲ್‌ಗಳಿವೆ. ತರಗತಿ ಇಲ್ಲದ ಹೊತ್ತಿನಲ್ಲಿ, ಮದುವೆ ಇಲ್ಲದ ದಿನದಲ್ಲಿ, ಲುಹರ್ ಮತ್ತು ಅಸರ್ ನಡುವೆ ಒಂದು ಗಂಟೆ ಹೆಂಗಸರಿಗೆ ಮಾತ್ರ ಬಿಟ್ಟುಕೊಡಿ. ಬಾಗಿಲ ಬಳಿ ಒಬ್ಬ ಹಿರಿಯ ಮಹಿಳೆ ಇದ್ದರೆ ಸಾಕು. ಇದಕ್ಕೆ ಯಂತ್ರ ಬೇಡ, ಚಂದಾ ಎತ್ತುವುದೂ ಬೇಡ. ಸಾಧಾರಣ ಹೆಡ್‌ಸೆಟ್ ಒಂದಕ್ಕೂ ಸಾವಿರಾರು ರೂಪಾಯಿ ಆಗುತ್ತದೆ. ಬೀಡಿ ಕಟ್ಟುವ ಮನೆಗೆ ಅದು ಎಂದೂ ಬರುವುದಿಲ್ಲ. ಹಾಲ್‌ನ ಬೀಗದ ಕೈ ಎಲ್ಲರಿಗೂ ಸಿಗಬಹುದು.

ಆ ತಾಯಿಗೆ ಗುಳ್ಳೆ ವಾಸಿಯಾಗುವವರೆಗೆ ಹೆಡ್‌ಸೆಟ್ ನಿಲ್ಲಿಸಿ ಎಂದೆ. ಈಗ ಹೊದಿಕೆ ಹಾಕಿ ವಾರಕ್ಕೆ ಮೂರು ದಿನ, ಹದಿನೈದು ನಿಮಿಷ ಮಾಡುತ್ತಿದ್ದಾರೆ. ಉಳಿದ ದಿನ ಅಸರ್ ನಂತರ ತಾರಸಿಯ ಮೇಲೆ ಪಕ್ಕದ ಮನೆಯ ಇಬ್ಬರೊಂದಿಗೆ ನಡೆಯುತ್ತಾರೆ. ಸಕ್ಕರೆ ಎಷ್ಟು ಇಳಿದಿದೆ ಎಂದು ಈಗಲೇ ಹೇಳಲಾರೆ, ಮೂರು ತಿಂಗಳ ಸರಾಸರಿಯ ರಕ್ತಪರೀಕ್ಷೆ ಹೇಳಬೇಕು. ಮೊನ್ನೆ ಬಂದಾಗ ಅವರೇ ಒಂದು ಮಾತು ಕೇಳಿದರು: "ತಾರಸಿಯಲ್ಲಿ ಮೂವರಿಗಿಂತ ಹೆಚ್ಚು ಹಿಡಿಸುವುದಿಲ್ಲ ಡಾಕ್ಟ್ರೇ, ಇನ್ನೂ ಆರು ಮಂದಿ ಕೇಳ್ತಿದ್ದಾರೆ. ಎಲ್ಲಿ ನಡೆಯುವುದು?"

ಉತ್ತರ ನನ್ನ ದವಾಖಾನೆಯಲ್ಲಿಲ್ಲ. ನಿಮ್ಮ ಮೊಹಲ್ಲಾದಲ್ಲಿದೆ.