ಸೆಲೆನಿಯಮ್ ಮಾತ್ರೆ ತರಿಸುವ ಮುನ್ನ

ಸಹೋದರಿಯರೇ, ಮನೆಯ ಹಿರಿಯರಿಗೆ ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್ ಬಾರದಿರಲೆಂದು ಸೆಲೆನಿಯಮ್ ಮಾತ್ರೆ ತರಿಸಬೇಕೆಂದಿದ್ದೀರಾ? ಸ್ವಲ್ಪ ತಾಳಿ.

ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆಸಿದ ಈ ಕ್ಯಾನ್ಸರ್ ಕೋಶಗಳಿಗೆ ಸೆಲೆನಿಯಮ್ ಖನಿಜದ ಕೆಲವು ಸಂಯುಕ್ತಗಳನ್ನು ಹಾಕಿದರೆ ಬೆಳವಣಿಗೆ ಕುಂಠಿತವಾಗುತ್ತದೆ, ಹಲವು ಕೋಶಗಳು ಸಾಯುತ್ತವೆ. ಅದು ನಿಜವೇ. ಆದರೆ ತಟ್ಟೆ ಬೇರೆ, ಮನುಷ್ಯನ ದೇಹ ಬೇರೆ. 2001ರಲ್ಲಿ ಅಮೆರಿಕ, ಕೆನಡಾಗಳಲ್ಲಿ 35 ಸಾವಿರಕ್ಕೂ ಹೆಚ್ಚು ಗಂಡಸರನ್ನೊಳಗೊಂಡ ‘ಸೆಲೆಕ್ಟ್’ ಅಧ್ಯಯನ ಶುರುವಾಯಿತು. ದಿನಕ್ಕೆ 200 ಮೈಕ್ರೋಗ್ರಾಂ ಸೆಲೆನಿಯಮ್ ಪಡೆದವರಲ್ಲಿ ರೋಗ ಕಡಿಮೆಯಾಗಲಿಲ್ಲ. 2008ರಲ್ಲಿ ಮಾತ್ರೆ ನಿಲ್ಲಿಸಿದರು. ದೇಹದಲ್ಲಿ ಮೊದಲೇ ಸೆಲೆನಿಯಮ್ ಹೆಚ್ಚಿದ್ದವರಿಗೆ ಮಾತ್ರೆಯಿಂದ ಉಗ್ರ ಕ್ಯಾನ್ಸರಿನ ಅಪಾಯ ಏರಿತ್ತೆಂದು 2014ರಲ್ಲಿ ತಿಳಿಯಿತು.

ಮೀನು, ಮೊಟ್ಟೆ, ಮಾಂಸದಲ್ಲಿ ಅದು ಹೇಗೂ ಇದೆ. ಅವರು ರಾತ್ರಿ ಪದೇ ಪದೇ ಮೂತ್ರಕ್ಕೆ ಏಳುತ್ತಿದ್ದರೆ ವೈದ್ಯರಲ್ಲಿಗೆ ಕರೆದೊಯ್ಯಿರಿ. ನಾಚಿಕೆಯಿಂದ ಅವರಾಗಿ ಬಾಯಿ ಬಿಡಲಾರರು.