ಹಣ ಯಾರ ಕೈಯಿಂದ ಬರಬೇಕು?

ಹೊಸ ಉದ್ಯಮಕ್ಕೆ ಕೈಹಾಕಿದವರನ್ನು ಬಂಡವಾಳ ಎಲ್ಲಿಂದ ತಂದೆ ಎಂದು ಎಲ್ಲರೂ ಕೇಳುತ್ತಾರೆ. ಆಮೇಲೆ ದಿನದಿನದ ಹಣ ಯಾರ ಕೈಯಿಂದ ಬರುತ್ತದೆ ಎಂದು ಕೇಳುವವರು ಕಡಿಮೆ. ನನಗೆ ಈ ಎರಡನೆಯ ಪ್ರಶ್ನೆಯೇ ದೊಡ್ಡದಾಗಿ ಕಾಣುತ್ತದೆ. ಒಬ್ಬನೇ ದೊಡ್ಡ ಗಿರಾಕಿಯನ್ನು ನಂಬಿಕೊಂಡವನು ಆ ಒಬ್ಬನ ಮುಖ ನೋಡಿಕೊಂಡೇ ಮಾತಾಡಬೇಕಾಗುತ್ತದೆ. ಸಾವಿರ ಮಂದಿ ಕೊಡುವ ಚಿಲ್ಲರೆ ಹಣದಲ್ಲಿ ಬದುಕುವವನಿಗೆ ದುಡಿತ ಹೆಚ್ಚು, ಆದರೆ ಅವನು ತಲೆಯೆತ್ತಿ ನಡೆಯಬಲ್ಲ. ಇದು ಅಂಗಡಿಗೆ ಸಲ್ಲುವಷ್ಟೇ ಬರವಣಿಗೆಗೂ ಸಲ್ಲುತ್ತದೆ.

1925ರಲ್ಲಿ ಉಡುಪಿಯಲ್ಲಿ ಉಪೇಂದ್ರ ಪೈ, ವಾಮನ ಕುಡ್ವ ಮತ್ತು ಡಾ. ಟಿ.ಎಂ.ಎ. ಪೈ ಸೇರಿ ಎಂಟು ಸಾವಿರ ರೂಪಾಯಿ ಬಂಡವಾಳದಲ್ಲಿ ಒಂದು ಬ್ಯಾಂಕು ಕಟ್ಟಿದರು. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದದ್ದು ಅದೇ. ಕಷ್ಟದಲ್ಲಿದ್ದ ಕೈಮಗ್ಗದ ನೇಕಾರರಿಗೆ ನೆರವಾಗಬೇಕೆಂಬುದು ಅವರ ಉದ್ದೇಶವಾಗಿತ್ತು. 1928ರಲ್ಲಿ ಅವರು ಪಿಗ್ಮಿ ಠೇವಣಿ ಶುರುಮಾಡಿದರು. ದಿನಕ್ಕೆ ಎರಡಾಣೆ ಉಳಿಸಿದರೂ ಸಾಕು, ಏಜೆಂಟರು ಮನೆಬಾಗಿಲಿಗೇ ಬಂದು ಅದನ್ನು ಪಡೆದು ಬರೆದುಕೊಂಡು ಹೋಗುತ್ತಿದ್ದರು. ಎರಡಾಣೆಗಾಗಿ ಬಾಗಿಲಿಗೆ ಬರುವುದು ಲೆಕ್ಕಾಚಾರದವರಿಗೆ ಹುಚ್ಚೆನಿಸಬಹುದು. ಆದರೆ ದಿನವೂ ಬಾಗಿಲಿಗೆ ಬರುವವರಿಗೆ ಯಾರ ವ್ಯಾಪಾರ ಬಿದ್ದಿದೆ, ಯಾರ ಮನೆಯಲ್ಲಿ ಕಾಯಿಲೆ, ಯಾರು ಕೊಟ್ಟ ಮಾತಿಗೆ ನಿಲ್ಲುವವರು ಎಂಬುದೆಲ್ಲ ತಾನಾಗಿ ತಿಳಿಯುತ್ತದೆ. ಸಾಲ ಕೊಡುವ ಬ್ಯಾಂಕಿಗೆ ಇದಕ್ಕಿಂತ ಬೆಲೆಬಾಳುವ ತಿಳಿವಳಿಕೆ ಯಾವುದಿದೆ? ‘ಇವತ್ತು ಬೋಣಿಯೇ ಆಗಿಲ್ಲ, ನಾಳೆ ಬನ್ನಿ’ ಎಂದವನ ಜೊತೆ ಪಿಗ್ಮಿ ಏಜೆಂಟು ಜಗಳಕ್ಕೆ ನಿಲ್ಲುವುದಿಲ್ಲ. ನಗುತ್ತ ನಾಳೆ ಬರುತ್ತಾನೆ. ಜನರೊಡನೆ ವ್ಯವಹರಿಸುವ ಕಲೆಯ ಬಹುಪಾಲು ಆ ಮರುದಿನದ ಬರವಿನಲ್ಲಿದೆ.

ಕನ್ನಡ ಬರಹಗಾರರಲ್ಲಿ ಈ ದಾರಿ ಹಿಡಿದವರ ಪೈಕಿ ಗಳಗನಾಥರನ್ನು ಮೊದಲು ನೆನೆಯಬೇಕು. ಹಾವೇರಿ ಸೀಮೆಯ ಈ ಶಾಲಾ ಮಾಸ್ತರರು ಕಾದಂಬರಿ ಬರೆದರು, ಪತ್ರಿಕೆ ನಡೆಸಿದರು, ತಮ್ಮ ಪುಸ್ತಕಗಳ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಇದನ್ನು ನಾವು ತ್ಯಾಗದ ಕಥೆಯಾಗಿ ಹೇಳಿ ಕಣ್ಣೊರೆಸಿಕೊಳ್ಳುತ್ತೇವೆ. ಅವರು ಪಟ್ಟ ಕಷ್ಟ ನಿಜ, ಅದಕ್ಕೆ ಕೈಮುಗಿಯಬೇಕು. ಆದರೆ ಆ ತಿರುಗಾಟ ಒಬ್ಬ ಲೇಖಕನಿಗೆ ಏನು ಕಲಿಸುತ್ತದೆ ಎಂಬುದನ್ನೂ ನೋಡಬೇಕು. ಓದುಗನ ಜಗುಲಿಯಲ್ಲಿ ಕೂತು, ಅವನು ಕೊಟ್ಟ ನೀರು ಕುಡಿದು, ಹಿಂದಿನ ಪುಸ್ತಕ ಹೇಗಿತ್ತೆಂದು ಅವನ ಬಾಯಿಂದಲೇ ಕೇಳಿದವನಿಗೆ ಓದುಗನೆಂದರೆ ಯಾರು ಎಂಬ ಗೊಂದಲ ಉಳಿಯುವುದಿಲ್ಲ.

ಸಾಹಿತ್ಯ ಸಮ್ಮೇಳನದ ಪುಸ್ತಕ ಮಳಿಗೆಯಲ್ಲಿ ಒಂದು ಮಧ್ಯಾಹ್ನ ನಿಂತರೆ ಇದು ಈಗಲೂ ಕಾಣುತ್ತದೆ. ಬಂದವರು ಪುಸ್ತಕ ಎತ್ತಿಕೊಳ್ಳುತ್ತಾರೆ. ಮುಖಪುಟ ನೋಡಿ, ಮಗುಚಿ ಬೆನ್ನುಡಿ ಓದುತ್ತಾರೆ. ಬೆಲೆ ಎಲ್ಲಿದೆಯೆಂದು ಹುಡುಕುತ್ತಾರೆ. ಆಮೇಲೆ ಹೆಬ್ಬೆರಳಿನಿಂದ ನಡುವೆ ಎಲ್ಲೋ ತೆರೆದು ನಿಂತಲ್ಲೇ ನಾಲ್ಕು ಸಾಲು ಓದುತ್ತಾರೆ. ಆ ನಾಲ್ಕು ಸಾಲು ಹಿಡಿದರೆ ಕೈ ಜೇಬಿಗೆ ಹೋಗುತ್ತದೆ, ಇಲ್ಲವಾದರೆ ಪುಸ್ತಕ ರಾಶಿಗೆ ಮರಳುತ್ತದೆ. ಮುನ್ನುಡಿ ಬರೆದ ದೊಡ್ಡವರ ಹೆಸರು, ಬಿಡುಗಡೆಗೆ ಬಂದ ಗಣ್ಯರ ಪಟ್ಟಿ, ಇವು ಯಾವುವೂ ಆ ಗಳಿಗೆಯಲ್ಲಿ ನೆರವಿಗೆ ಬರುವುದಿಲ್ಲ. ನಡುಪುಟದ ಸಾಲೂ ಮೊದಲ ಪುಟದ ಸಾಲಿನಷ್ಟೇ ಗಟ್ಟಿಯಾಗಿರಬೇಕು ಎಂಬುದನ್ನು ಬರಹಗಾರ ಇಲ್ಲಿ ಕಣ್ಣಾರೆ ಕಲಿಯಬಹುದು. ಯಾವ ಕಮ್ಮಟವೂ ಇಷ್ಟು ನೇರವಾಗಿ ಕಲಿಸದು.

1933ರಲ್ಲಿ ಧಾರವಾಡದಲ್ಲಿ ಜಿ.ಬಿ. ಜೋಶಿ ಮನೋಹರ ಗ್ರಂಥಮಾಲೆ ಆರಂಭಿಸಿದಾಗ ನೆಚ್ಚಿದ್ದು ಚಂದಾದಾರರನ್ನು. ವರ್ಷದ ಚಂದಾ ಕೊಟ್ಟವರಿಗೆ ಆ ವರ್ಷದ ಪುಸ್ತಕಗಳು ಹೋಗುತ್ತಿದ್ದವು. ಯಾವ ಪುಸ್ತಕ ಬರುತ್ತದೋ ಪೂರ್ತಿ ತಿಳಿಯದೆಯೇ ದುಡ್ಡು ಕೊಡುವುದೆಂದರೆ ಪ್ರಕಾಶಕನ ರುಚಿಯ ಮೇಲಿಟ್ಟ ನಂಬಿಕೆ. ಆ ನಂಬಿಕೆಯನ್ನು ಜೋಶಿಯವರು ಹೊಸಬರಿಗಾಗಿ ಖರ್ಚು ಮಾಡಿದರು. ಗಿರೀಶ ಕಾರ್ನಾಡರ ‘ಯಯಾತಿ’ 1961ರಲ್ಲಿ, ಅನಂತಮೂರ್ತಿಯವರ ‘ಸಂಸ್ಕಾರ’ 1965ರಲ್ಲಿ ಬಂದದ್ದು ಅಲ್ಲಿಂದಲೇ. 1980ರಲ್ಲಿ ಪಿ. ಲಂಕೇಶರು ಜಾಹೀರಾತು ಬೇಡವೆಂದು ವಾರಪತ್ರಿಕೆ ತಂದು, ಓದುಗರು ಕೊಟ್ಟ ಬಿಡಿ ಪ್ರತಿಯ ಹಣದಲ್ಲೇ ಅದನ್ನು ನಡೆಸಿದರು. ಮಂತ್ರಿಗಳ ಬಗ್ಗೆ ಅವರು ಅಷ್ಟು ಖಾರವಾಗಿ ಬರೆಯಲು ಎದೆಗಾರಿಕೆ ಬೇಕಿತ್ತು. ಹಣದ ದಾರಿ ಸ್ವತಂತ್ರವಾಗಿದ್ದುದರಿಂದ ಆ ಎದೆಗಾರಿಕೆ ವಾರ ವಾರವೂ ಬಾಳಿತು ಎಂದು ನಾನು ತಿಳಿದಿದ್ದೇನೆ.

ಇದರ ಎದುರಿಗೆ ಇಂದಿನ ಸಗಟು ಖರೀದಿಯನ್ನು ಇಟ್ಟು ನೋಡಿ. ಸರ್ಕಾರ ಗ್ರಂಥಾಲಯಗಳಿಗೆ ಪುಸ್ತಕ ಕೊಳ್ಳುವುದು ಒಳ್ಳೆಯ ಕೆಲಸ. ಹಳ್ಳಿಯ ಹುಡುಗಿಗೆ ಪುಸ್ತಕ ಸಿಗುವುದು ಅಲ್ಲಿಯೇ. ತೊಂದರೆ ಬರುವುದು ಪ್ರಕಾಶಕ ಆ ಒಂದೇ ಖರೀದಿಗೆಂದು ಅಚ್ಚು ಹಾಕತೊಡಗಿದಾಗ. ಆಗ ಪುಟಕ್ಕಿಷ್ಟು ದರ ಎಂಬ ಲೆಕ್ಕವೇ ಪುಸ್ತಕದ ದಪ್ಪವನ್ನು ತೀರ್ಮಾನಿಸುತ್ತದೆ. ಕರಡು ಎರಡನೆಯ ಸಲ ತಿದ್ದುವವರಿಲ್ಲ. ಬಿಲ್ಲು ಪಾಸಾಗುವುದು ತಡವಾದರೆ ಲೇಖಕನ ಗೌರವಧನವೂ ತಡ, ಅಚ್ಚುಮನೆಯ ಬಾಕಿಯೂ ತಡ. ಪುಸ್ತಕ ಮಾರಿಹೋಗಿರುತ್ತದೆ, ಅದನ್ನು ಒಬ್ಬರೂ ಬಯಸಿ ಕೊಂಡಿರುವುದಿಲ್ಲ. ಇಂಥ ವ್ಯಾಪಾರವನ್ನು ಉದ್ಯಮ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ಸಾವಿರ ಜನರನ್ನು ಮೆಚ್ಚಿಸಹೊರಟರೆ ಬರಹ ಅಗ್ಗವಾಗುತ್ತದೆ ಎಂಬ ಆಕ್ಷೇಪಣೆಯಿದೆ, ಅದು ಹಗುರವಾದದ್ದಲ್ಲ. ವಾರದ ಧಾರಾವಾಹಿಯನ್ನು ಓದುಗರ ಪತ್ರ ನೋಡಿ ಎಳೆದಾಡಿದವರಿದ್ದಾರೆ, ಮುಖಪುಟದ ರೋಚಕತೆಗೆ ಸತ್ಯವನ್ನು ಬಲಿಕೊಟ್ಟ ಪತ್ರಿಕೆಗಳಿವೆ. ನಿಘಂಟು, ಶಾಸನ ಸಂಪುಟ, ಸಂಶೋಧನೆಯಂಥ ಕೆಲಸಗಳಿಗೆ ಬಿಡಿ ಓದುಗರ ಹಣ ಸಾಲುವುದೂ ಇಲ್ಲ. ಅವಕ್ಕೆ ಸರ್ಕಾರವೋ ವಿಶ್ವವಿದ್ಯಾಲಯವೋ ಬೆನ್ನಿಗೆ ನಿಲ್ಲಲೇಬೇಕು. ಆದರೂ ಒಂದು ವ್ಯತ್ಯಾಸವಿದೆ. ಅಪ್ರಿಯವಾದ ಮಾತು ಬರೆದು ಹತ್ತು ಚಂದಾದಾರರನ್ನು ಕಳೆದುಕೊಂಡ ಪತ್ರಿಕೆ ಮುಂದಿನ ತಿಂಗಳೂ ಬರುತ್ತದೆ. ಇದ್ದೊಬ್ಬ ಪೋಷಕ ಮುನಿದರೆ ಅಲ್ಲಿಗೆ ಮುಗಿಯಿತು. ತಪ್ಪು ಮಾಡಿ ತಿದ್ದಿಕೊಳ್ಳಲು ಜಾಗ ಕೊಡುವ ವ್ಯವಸ್ಥೆಯೇ ಮೇಲು.

ಸಣ್ಣ ಹಣ ನೆಚ್ಚಿದವರು ಕೆಲವು ಅಭ್ಯಾಸಗಳನ್ನು ರೂಢಿಸಿಕೊಳ್ಳಲೇಬೇಕಾಗುತ್ತದೆ. ಬಾಕಿ ಕೇಳುವ ಪತ್ರವನ್ನೇ ತೆಗೆದುಕೊಳ್ಳಿ. ‘ತಮ್ಮ ಅಮೂಲ್ಯ ಸಹಕಾರವನ್ನು ಬಯಸುತ್ತಾ’ ಎಂದು ಅರ್ಧ ಪುಟ ಸುತ್ತಾಡಿ ಕೊನೆಯಲ್ಲಿ ಮೊತ್ತವನ್ನೇ ಬರೆಯದ ಪತ್ರಗಳನ್ನು ನೋಡಿದ್ದೇನೆ. ಯಾವ ತಾರೀಖು ಎಷ್ಟು ಪ್ರತಿ ಕಳಿಸಿದೆವು, ಎಷ್ಟು ಬರಬೇಕು, ಯಾವಾಗ ಕಳಿಸಬಲ್ಲಿರಿ ಎಂಬ ಮೂರು ಸಾಲು, ಕೊನೆಗೊಂದು ನಮಸ್ಕಾರ ಸಾಕು. ಓದಿದವರಿಗೆ ಅವಮಾನವಾಗುವುದಿಲ್ಲ, ಉತ್ತರಿಸುವುದೂ ಸುಲಭ. ಲೇಖಕರಿಗೆ ‘ಆಗಲಿ, ನೋಡೋಣ’ ಎಂದು ವರ್ಷಗಟ್ಟಲೆ ಹಸ್ತಪ್ರತಿ ಇಟ್ಟುಕೊಳ್ಳುವುದಕ್ಕಿಂತ ತಿಂಗಳೊಳಗೆ ‘ನಮಗಾಗದು’ ಎಂದು ಕಾರಣಸಹಿತ ತಿಳಿಸುವವರು ಹೆಚ್ಚು ಕಾಲ ಸ್ನೇಹ ಉಳಿಸಿಕೊಳ್ಳುತ್ತಾರೆ. ಸ್ಪಷ್ಟವಾಗಿ ಬರೆಯುವುದು, ಲೆಕ್ಕ ಚೊಕ್ಕವಾಗಿಡುವುದು, ಎದುರಿನವರ ಹೊತ್ತನ್ನು ಗೌರವಿಸುವುದು ಇವು ಮೂರೂ ಒಂದೇ ಮನೋಧರ್ಮದಿಂದ ಬರುತ್ತವೆ.

ಹೊಸದಾಗಿ ಪ್ರಕಾಶನವನ್ನೋ ಪತ್ರಿಕೆಯನ್ನೋ ತೆರೆಯಬೇಕೆಂದಿರುವ ಗೆಳೆಯರು ಸಗಟು ಖರೀದಿಯ ಅರ್ಜಿ ತುಂಬುವ ಮೊದಲು ಹೆಸರು, ಊರು ಗೊತ್ತಿರುವ ನೂರು ಮಂದಿಯನ್ನು ಹುಡುಕಿ, ಅವರಿಂದ ಮುಂಗಡ ಪಡೆಯಲಿ. ಓದುಗರಲ್ಲಿಯೂ ಒಂದು ಬೇಡಿಕೆಯಿದೆ. ಪರಿಚಯದ ಲೇಖಕರು ಸಿಕ್ಕಾಗ ಗೌರವ ಪ್ರತಿ ಕೇಳಬೇಡಿ. ದಯವಿಟ್ಟು ದುಡ್ಡು ಕೊಟ್ಟು ಕೊಳ್ಳಿ, ಓದಿ, ಹಿಡಿಸದಿದ್ದರೆ ಯಾಕೆ ಹಿಡಿಸಲಿಲ್ಲ ಎಂದು ಅವರಿಗೇ ಒಂದು ಪತ್ರ ಬರೆಯಿರಿ.